ಡಬ್ಬಿಯ ಮೇಲಿನ ಹೆಸರು

ಮೂರು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೇ ಬಜಾರಿನಲ್ಲಿ ಹಳೇ ನಲ್ಲಿ, ಸುಟ್ಟ ಮೋಟಾರು, ಮುಳ್ಳಿಲ್ಲದ ಗಡಿಯಾರಗಳ ನಡುವೆ ಒಂದು ತಗಡಿನ ಡಬ್ಬಿ ಕಣ್ಣಿಗೆ ಬಿತ್ತು. ಅಂಗೈ ಅಗಲದ ದುಂಡು ಡಬ್ಬಿ. ಮುಚ್ಚಳಕ್ಕೆ ಅಂಟಿಸಿದ್ದ ಕಾಗದದ ಮೇಲೆ ನೀಲಿ ಶಾಯಿಯಲ್ಲಿ, ಕನ್ನಡದಲ್ಲೇ, ಯಾರೋ ದುಂಡಗೆ ಬರೆದಿದ್ದರು: ‘ಮಿಕ್ಕಿ ಮೌಸ್ 1’.

“ಒಳಗೆ ಪಿಕ್ಚರ್ ರೀಲ್ ಐತೆ ಸಾರ್, ಮಕ್ಕಳದು. ತಗೊಳ್ಳಿ,” ಅಂದ ಮಾರುವ ಹುಡುಗ. ಚೌಕಾಸಿ ಮಾಡದೆ ಕೊಂಡುಕೊಂಡೆ. ‘1’ ಇದ್ದಮೇಲೆ ‘2’ ಇರಬೇಕಲ್ಲ ಎಂದು ಅವನ ಗೋಣಿತಟ್ಟನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ.

ಮನೆಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹದಿನಾರು ಎಂಎಂ ಫಿಲ್ಮು, ಕಪ್ಪು ಬಿಳುಪು. ಮೊದಲ ಐದಾರು ಅಡಿ ಬಿಸಿಲು ತಿಂದ ಹಾಗೆ ಮಾಸಿತ್ತು. ಹೆಸರು ತೋರಿಸುವ ಭಾಗವೇ ಇರಲಿಲ್ಲ, ಯಾರೋ ಕತ್ತರಿಸಿದ್ದರು. ಅಲ್ಲಿಂದ ಮುಂದೆ ಒಂದು ಪ್ರಾಣಿ ಓಡುತ್ತಿತ್ತು. ಒಂದೊಂದೇ ಚೌಕಟ್ಟು ಸರಿಸುತ್ತ ಹೋದೆ. ಮಿಕ್ಕಿಗಾದರೆ ದುಂಡು ಕಿವಿ, ಎರಡು ಕಾಸು ಅಂಟಿಸಿದ ಹಾಗೆ. ಇದರ ಕಿವಿ ಉದ್ದವಾಗಿತ್ತು. ಓಡುವಾಗ ಹಿಂದಕ್ಕೆ ಬಾಗುತ್ತಿತ್ತು. ಇದು ಇಲಿಯಲ್ಲ, ಮೊಲ.

ಕಾರ್ಟೂನ್ ಚರಿತ್ರೆಯನ್ನು ಸ್ವಲ್ಪವಾದರೂ ಓದಿದವರಿಗೆ ಮಿಕ್ಕಿ ಎಂಬ ಚೀಟಿ ಅಂಟಿದ ಡಬ್ಬಿಯಲ್ಲಿ ಮೊಲ ಸಿಕ್ಕರೆ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಮಿಕ್ಕಿಗೂ ಮುಂಚೆ ವಾಲ್ಟ್ ಡಿಸ್ನಿಯ ಬಳಿ ಒಂದು ಮೊಲ ಇತ್ತು. ಹೆಸರು ಆಸ್ವಾಲ್ಡ್.

1927ರಲ್ಲಿ ಡಿಸ್ನಿ ಮತ್ತು ಅವನ ಗೆಳೆಯ ಅಬ್ ಐವರ್ಕ್ಸ್ ಸೇರಿ ಈ ಮೊಲವನ್ನು ಯೂನಿವರ್ಸಲ್ ಕಂಪನಿಗಾಗಿ ರೂಪಿಸಿದರು. ನಡುವಿನ ವ್ಯವಹಾರ ಚಾರ್ಲ್ಸ್ ಮಿಂಟ್ಸ್ ಎಂಬ ವಿತರಕನದು. ಮೊದಲು ಬಿಡುಗಡೆಯಾದ ‘ಟ್ರಾಲಿ ಟ್ರಬಲ್ಸ್’ ಆ ವರ್ಷದ ಸೆಪ್ಟೆಂಬರಿನಲ್ಲಿ ಚಿತ್ರಮಂದಿರಕ್ಕೆ ಬಂತು; ಜನ ಮೆಚ್ಚಿದರು. ಮರುವರ್ಷ ಹೆಚ್ಚಿನ ಹಣ ಕೇಳಲು ಡಿಸ್ನಿ ನ್ಯೂಯಾರ್ಕಿಗೆ ಹೋದ. ಹೆಚ್ಚು ಕೊಡುವುದಿರಲಿ, ಇದ್ದದ್ದನ್ನೂ ಕಡಿಮೆ ಮಾಡುತ್ತೇನೆ ಎಂದ ಮಿಂಟ್ಸ್, ಅಷ್ಟರಲ್ಲೇ ಡಿಸ್ನಿಯ ಬಹುಪಾಲು ಚಿತ್ರಕಾರರನ್ನು ತನ್ನ ಕಡೆ ಸೆಳೆದುಕೊಂಡಿದ್ದ. ಕರಾರಿನ ಪ್ರಕಾರ ಮೊಲ ಯೂನಿವರ್ಸಲ್‌ನದು, ಡಿಸ್ನಿಯದಲ್ಲ. ಐವರ್ಕ್ಸ್ ಜೊತೆಗೇ ಉಳಿದ. ಆ ಇಬ್ಬರೂ ಸೇರಿ ಕಟ್ಟಿದ್ದೇ ಮಿಕ್ಕಿ. 1928ರ ನವೆಂಬರ್ 18ರಂದು ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆಗೆ ಬಂದಮೇಲೆ ಮೊಲದ ಕಡೆ ತಿರುಗಿ ನೋಡುವವರು ಕಡಿಮೆಯಾದರು.

ಡಿಸ್ನಿಯ ಕೈಯಲ್ಲಿ ಆಸ್ವಾಲ್ಡ್ ಚಿತ್ರಗಳು ಒಟ್ಟು 26 ಆದವು. ಒಂದೊಂದೂ ಒಂದೇ ರೀಲು, ಐದಾರು ನಿಮಿಷ. ಇವುಗಳಲ್ಲಿ ಎಷ್ಟೋ ಚಿತ್ರಗಳು ದಶಕಗಳ ಕಾಲ ಪತ್ತೆಯೇ ಇರಲಿಲ್ಲ. 2006ರಲ್ಲಿ ಡಿಸ್ನಿ ಸಂಸ್ಥೆ ಆಸ್ವಾಲ್ಡ್‌ನ ಹಕ್ಕನ್ನು ಮರಳಿ ಪಡೆಯಿತು. ಅದಕ್ಕೆ ಪ್ರತಿಯಾಗಿ ತನ್ನ ಒಡೆತನದ ವಾಹಿನಿಯ ಹೆಸರಾಂತ ಕ್ರೀಡಾ ವೀಕ್ಷಕ ವಿವರಣೆಗಾರ ಆಲ್ ಮೈಕಲ್ಸ್‌ರನ್ನು ಯೂನಿವರ್ಸಲ್ ಬಳಗದ್ದೇ ಆದ ಎನ್‌ಬಿಸಿ ವಾಹಿನಿಗೆ ಬಿಟ್ಟುಕೊಟ್ಟಿತು. ಮರುವರ್ಷ ಡಿವಿಡಿ ತಂದಾಗ ಅದರಲ್ಲಿ ಹಾಕಲು ಸಿಕ್ಕಿದ್ದು 13 ಚಿತ್ರ. ಅಂದರೆ ಸರಿಯಾಗಿ ಅರ್ಧ.

ನನ್ನ ಡಬ್ಬಿಯಲ್ಲಿರುವುದು ಉಳಿದರ್ಧದ್ದೇ ಇರಬಹುದೇ? ಈ ಪ್ರಶ್ನೆ ನನ್ನ ಎರಡು ವರ್ಷ ತಿಂದಿತು.

ಮೊದಲು ಹೋದದ್ದು ತಿಪಟೂರಿನ ಕಡೆ ಟೂರಿಂಗ್ ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದ ಒಬ್ಬ ಹಿರಿಯರ ಹತ್ತಿರ. ಡಬ್ಬಿ ತೆರೆದ ಕೂಡಲೇ ಅವರು ಕಣ್ಣಿಗೂ ಮೊದಲು ಮೂಗನ್ನು ಹತ್ತಿರ ತಂದರು.

“ಹುಳಿ ವಾಸನೆ ಹೊಡೀತಾ ಐತೆ ಸಾ. ವಿನಿಗರ್ ಹಂಗೆ. ಇನ್ನೊಂದೆಲ್ಡು ವರ್ಷ ಮುಚ್ಚಿಟ್ಟಿದ್ರೆ ಸುರುಳಿ ಸುತ್ಕೊಂಬಿಡೋದು.”

“ಉರಿಯೋ ಜಾತಿದಾ ಯಜಮಾನ್ರೇ?”

“ಅಲ್ಲ ಸಾ. ಇಲ್ಲಿ ನೋಡಿ ಅಂಚಲ್ಲಿ, ಸೇಫ್ಟಿ ಅಂತ ಬರ್ದೈತೆ. ಉರಿಯೋದು ಬ್ಯಾರೆ. ಅದು ಹತ್ಕೊಂಡ್ರೆ ನೀರು ಸುರಿದ್ರೂ ಆರಲ್ಲ.”

ಅವರು ಹೇಳಿದ್ದು ಅಕ್ಷರಶಃ ನಿಜ. 1950ರ ದಶಕದ ಆರಂಭದವರೆಗೆ ಚಿತ್ರಮಂದಿರದ 35 ಎಂಎಂ ಫಿಲ್ಮುಗಳು ನೈಟ್ರೇಟಿನವು. ನೈಟ್ರೇಟ್ ತನ್ನ ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತಿಕೊಳ್ಳದೆ ಉಳಿದರೂ ಕಾಲ ಕಳೆದಂತೆ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಮನೆಗಳಲ್ಲಿ ಅದನ್ನು ಇಡುವಂತಿರಲಿಲ್ಲ. ಅದಕ್ಕೇ 1923ರಲ್ಲಿ ಕೊಡಾಕ್ ಮನೆಬಳಕೆಗೆಂದು 16 ಎಂಎಂ ತಂದಾಗ ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮನ್ನೇ ಬಳಸಿತು. ಅಸಿಟೇಟಿಗೆ ಬರುವ ಕಾಯಿಲೆ ಬೇರೆ: ಸೆಕೆ ಮತ್ತು ತೇವಕ್ಕೆ ಅದು ಹುಳಿಯುತ್ತದೆ, ಕುಗ್ಗುತ್ತದೆ. ಹುಳಿದ ಒಂದು ರೀಲು ಪಕ್ಕದ ರೀಲನ್ನೂ ಹುಳಿಸುತ್ತದೆ. ಆದರೆ ಮನೆ ಸುಡುವುದಿಲ್ಲ. ಕಾರ್ಟೂನುಗಳ ಮಟ್ಟಿಗೆ ಇದು ದೊಡ್ಡ ವಿಷಯ. ಸ್ಟುಡಿಯೋಗಳ ಭಾರೀ ಗೋದಾಮಿನಲ್ಲಿದ್ದ ಮೂಲ ಪ್ರತಿಗಳು ಹಾಳಾದಾಗಲೂ ಮಕ್ಕಳ ಆಟಿಕೆ ಪ್ರೊಜೆಕ್ಟರಿಗೆಂದು ಮಾರಿದ ತುಂಡು ರೀಲುಗಳು ಎಲ್ಲೋ ಅಟ್ಟದ ಮೇಲೆ ಉಳಿದುಕೊಂಡವು.

ಆ ಹಿರಿಯರು ಅಂಚಿನಲ್ಲಿ ಇನ್ನೊಂದು ಗುರುತನ್ನೂ ತೋರಿಸಿದರು: ಎರಡು ಪುಟ್ಟ ಚೌಕ. “ಇದೇನೋ ಕಂಪನಿ ಲೆಕ್ಕ ಸಾ, ನಮಗೆ ಗೊತ್ತಾಗ್ತಿರಲಿಲ್ಲ,” ಅಂದರು. ಅದು ಕೊಡಾಕ್ ತನ್ನ ಫಿಲ್ಮನ್ನು ಯಾವ ವರ್ಷ ತಯಾರಿಸಿತೆಂದು ಹೇಳುವ ಸಂಕೇತ. ವೃತ್ತ, ಚೌಕ, ತ್ರಿಕೋನಗಳ ಒಂದೊಂದು ಜೋಡಣೆ ಒಂದೊಂದು ವರ್ಷಕ್ಕೆ. ತೊಡಕೆಂದರೆ ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತದೆ. ಎರಡು ಚೌಕ ಎಂದರೆ 1920, 1940 ಅಥವಾ 1960. 16 ಎಂಎಂ ಹುಟ್ಟಿದ್ದೇ 1923ರಲ್ಲಿ. ಆದ್ದರಿಂದ 1920 ಬಿಟ್ಟುಹೋಯಿತು. ಉಳಿದದ್ದು ಎರಡು. ಆದರೆ ಇದು ಫಿಲ್ಮಿನ ವಯಸ್ಸಷ್ಟೇ, ಚಿತ್ರದ ವಯಸ್ಸಲ್ಲ. 1927ರ ಚಿತ್ರವನ್ನು 1940ರ ಫಿಲ್ಮಿನ ಮೇಲೆ ಅಚ್ಚು ಹಾಕಿರಬಾರದೆಂದೇನೂ ಇಲ್ಲ. ಆಸೆ ಉಳಿದುಕೊಂಡಿತು.

ಇಲ್ಲಿಂದ ಮುಂದೆ ಹುಡುಕಾಟವೆಲ್ಲ ಕಾಗದದಲ್ಲಿ.

ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 1912ರಿಂದ 1939ರವರೆಗೆ ನೋಂದಾಯಿಸಿದ ಚಲನಚಿತ್ರಗಳ ಪಟ್ಟಿ ಒಂದು ದಪ್ಪ ಪುಸ್ತಕವಾಗಿ ಬಂದಿದೆ, ಈಗ ಅಂತರ್ಜಾಲದಲ್ಲೂ ಇದೆ. ಒಂದು ಚಿತ್ರಕ್ಕೆ ಒಂದೆರಡು ಸಾಲು: ಹೆಸರು, ವರ್ಷ, ಎಷ್ಟು ರೀಲು, ಹಕ್ಕುದಾರ ಯಾರು, ನೋಂದಣಿ ತಾರೀಕು, ಸಂಖ್ಯೆ. ಈ ಪಟ್ಟಿಯ ಹಿಂದೆ ಒಂದು ದುಃಖದ ಕಥೆಯಿದೆ. 1912ಕ್ಕೆ ಮುಂಚೆ ಅಮೆರಿಕದ ಕಾನೂನಿನಲ್ಲಿ ಚಲನಚಿತ್ರ ಎಂಬ ವರ್ಗವೇ ಇರಲಿಲ್ಲ. ಅದಕ್ಕೇ ನಿರ್ಮಾಪಕರು ಚಿತ್ರದ ಚೌಕಟ್ಟುಗಳನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಅಚ್ಚು ಹಾಕಿ ಛಾಯಾಚಿತ್ರಗಳೆಂದು ನೋಂದಾಯಿಸುತ್ತಿದ್ದರು. ಕಾಗದ ಉಳಿಯಿತು; ಮೂರು ಸಾವಿರಕ್ಕೂ ಹೆಚ್ಚು ಆದಿಕಾಲದ ಚಿತ್ರಗಳು ಅದರಿಂದಾಗಿ ಬದುಕಿಕೊಂಡವು. ಕಾನೂನು ಸರಿಯಾದಮೇಲೆ ನೋಂದಣಿಗೆ ನಿಜವಾದ ಫಿಲ್ಮೇ ಬರತೊಡಗಿತು. ನೈಟ್ರೇಟಿನ ಬೆಂಕಿಗೆ ಅಂಜಿದ ಲೈಬ್ರರಿ ಆಫ್ ಕಾಂಗ್ರೆಸ್, ಫಿಲ್ಮನ್ನು ಹಕ್ಕುದಾರರಿಗೇ ಹಿಂತಿರುಗಿಸಿ ಕಥಾಸಾರದ ಹಾಳೆಯನ್ನಷ್ಟೇ ಇಟ್ಟುಕೊಂಡಿತು. ಆಸ್ವಾಲ್ಡ್ ಹುಟ್ಟಿದ್ದು ಈ ಕಾಲದಲ್ಲಿ. ಕಾನೂನು ಇನ್ನೊಂದಿಪ್ಪತ್ತು ವರ್ಷ ತಡವಾಗಿ ಬದಲಾಗಿದ್ದರೆ ನಾವು ಇವತ್ತು ಈ ಹುಡುಕಾಟವನ್ನೇ ಮಾಡಬೇಕಿರಲಿಲ್ಲವೇನೋ.

ಎರಡನೆಯ ಕಾಗದರಾಶಿ ಆ ಕಾಲದ ಸಿನಿಮಾ ವ್ಯಾಪಾರ ಪತ್ರಿಕೆಗಳು. ‘ಫಿಲ್ಮ್ ಡೈಲಿ’, ‘ಎಕ್ಸಿಬಿಟರ್ಸ್ ಹೆರಾಲ್ಡ್’, ಯೂನಿವರ್ಸಲ್ ತಾನೇ ಹೊರಡಿಸುತ್ತಿದ್ದ ‘ಯೂನಿವರ್ಸಲ್ ವೀಕ್ಲಿ’. ಇವುಗಳ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವಂತೆ ಇಟ್ಟಿರುವುದು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ. 2013ರಿಂದ ಅದಕ್ಕೆ ‘ಲ್ಯಾಂಟರ್ನ್’ ಎಂಬ ಹುಡುಕು ಸಾಧನವೂ ಇದೆ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಕುಳಿತು, ಕಾಸು ಕೊಡದೆ, ತೊಂಬತ್ತೈದು ವರ್ಷದ ಹಿಂದಿನ ಪತ್ರಿಕೆಯನ್ನು ಪುಟಪುಟ ಓದುವಂತೆ ಮಾಡಿದವರಿಗೆ ಈ ಬರಹದಲ್ಲಿ ಕೈಮುಗಿಯದೆ ಮುಂದೆ ಹೋಗಲಾರೆ.

ಆ ಪತ್ರಿಕೆಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ದೊಡ್ಡ ಜಾಹೀರಾತುಗಳಲ್ಲ. ‘ಎಕ್ಸಿಬಿಟರ್ಸ್ ಹೆರಾಲ್ಡ್’ನಲ್ಲಿ ಒಂದು ಅಂಕಣ ಇತ್ತು. ಸಣ್ಣ ಸಣ್ಣ ಊರಿನ ಚಿತ್ರಮಂದಿರದ ಮಾಲೀಕರು ಯಾವ ಚಿತ್ರ ತಮ್ಮಲ್ಲಿ ಹೇಗೆ ನಡೆಯಿತೆಂದು ಎರಡು ಸಾಲು ಬರೆದು ಕಳಿಸುತ್ತಿದ್ದರು. ಮುಖ್ಯ ಚಿತ್ರದ ಮುಂಚೆ ಹಾಕುವ ಒಂದು ರೀಲಿನ ಕಾರ್ಟೂನಿನ ಬಗ್ಗೆಯೂ ಬರೆಯುತ್ತಿದ್ದರು. ಮಕ್ಕಳು ನಕ್ಕರೋ ಇಲ್ಲವೋ, ಪ್ರಿಂಟ್ ಸರಿಯಾಗಿತ್ತೋ ಹರಿದಿತ್ತೋ, ಎಲ್ಲ. ನಮ್ಮ ಟೆಂಟ್ ಟಾಕೀಸಿನವರು ಇಂಥದ್ದೊಂದು ವಹಿ ಇಟ್ಟಿದ್ದರೆ ಕನ್ನಡ ಚಿತ್ರರಂಗದ ಎಷ್ಟು ಸಂಗತಿ ಉಳಿದಿರುತ್ತಿತ್ತು!

ಆದರೆ ಕಾಗದದಲ್ಲಿ ಹೆಸರು ಸಿಗುತ್ತದೆ, ಚಿತ್ರ ಸಿಗುವುದಿಲ್ಲ. ನನ್ನ ಕೈಯಲ್ಲಿ ಚಿತ್ರ ಇದೆ, ಹೆಸರಿಲ್ಲ. ಈ ಎರಡನ್ನೂ ಕೂಡಿಸಿದವರು ಹೇಗೆ ಕೂಡಿಸಿದರೆಂದು ತಿಳಿಯಲು, ಆಸ್ವಾಲ್ಡ್‌ನ ಯಾವ ಯಾವ ಚಿತ್ರ ಎಲ್ಲೆಲ್ಲಿ ಸಿಕ್ಕಿತೆಂಬ ಜಾಡು ಹಿಡಿದೆ.

2011ರಲ್ಲಿ ಇಂಗ್ಲೆಂಡಿನ ಹಂಟ್ಲಿ ಫಿಲ್ಮ್ ಆರ್ಕೈವ್ಸ್ ಎಂಬ ಖಾಸಗಿ ಸಂಗ್ರಹದಲ್ಲಿ ‘ಹಂಗ್ರಿ ಹೋಬೋಸ್’ ಸಿಕ್ಕಿತು. 1928ರ ಚಿತ್ರ. ಅದು ಹರಾಜಿಗೆ ಹೋಗಿ 31,250 ಡಾಲರಿಗೆ ಮಾರಾಟವಾಯಿತು. ಡಿಸ್ನಿ ಸಂಸ್ಥೆಯೇ ಕೊಂಡು, ಸರಿಪಡಿಸಿ, 2012ರ ಸೆಪ್ಟೆಂಬರಿನಲ್ಲಿ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ತೋರಿಸಿತು.

ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದ ಒಂದು ಶಾಖೆ ಮೋ ಇ ರಾನಾ ಎಂಬ ಊರಿನಲ್ಲಿದೆ. ಉತ್ತರಧ್ರುವ ವೃತ್ತಕ್ಕೆ ಹತ್ತಿರದ ಚಳಿಯ ಊರು. ಅಲ್ಲಿನ ನೈಟ್ರೇಟ್ ಸಂಗ್ರಹದ ಪಟ್ಟಿ ಮಾಡುತ್ತಿದ್ದಾಗ ಎರಡು ರೀಲುಗಳಲ್ಲಿ ‘ಎಂಪ್ಟಿ ಸಾಕ್ಸ್’ ಸಿಕ್ಕಿತು. 1927ರ ಕ್ರಿಸ್‌ಮಸ್ ಚಿತ್ರ. ಅಲ್ಲಿಯವರೆಗೆ ಅದರ ಇಪ್ಪತ್ತೈದು ಸೆಕೆಂಡಿನಷ್ಟು ತುಣುಕು ಮಾತ್ರ ಜಗತ್ತಿಗೆ ಗೊತ್ತಿತ್ತು. ಸಿಕ್ಕಿದ್ದು ಐದೂವರೆ ನಿಮಿಷ, ನಡುವೆ ಸ್ವಲ್ಪ ಭಾಗ ಬಿಟ್ಟರೆ ಪೂರ್ತಿ ಚಿತ್ರ. ಕೈಯಲ್ಲಿ ಹಿಡಿದಿರುವುದು ಕಳೆದುಹೋದ ಚಿತ್ರವೆಂದು ಅಲ್ಲಿನವರಿಗೆ ಮೊದಲಿಗೆ ಗೊತ್ತಾಗಿರಲಿಲ್ಲ. ಕಾರ್ಟೂನ್ ಇತಿಹಾಸಕಾರ ಡೇವಿಡ್ ಗೆರ್ಸ್ಟೈನ್ ಗುರುತಿಸಲು ನೆರವಾದಮೇಲೆ 2014ರ ಡಿಸೆಂಬರಿನಲ್ಲಿ ಸುದ್ದಿ ಹೊರಬಿತ್ತು.

ಮರುವರ್ಷದ್ದು ನನಗೆ ಇನ್ನೂ ಆಶ್ಚರ್ಯ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ರಾಷ್ಟ್ರೀಯ ಸಂಗ್ರಹದ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಒಬ್ಬ ಸಂಶೋಧಕರು ಅದನ್ನು ಸುಮ್ಮನೆ ನೋಡುತ್ತ ಹೋಗುವಾಗ ‘ಸ್ಲೇ ಬೆಲ್ಸ್’ ಎಂಬ ಹೆಸರು ಕಂಡರು. 1928ರ ಆಸ್ವಾಲ್ಡ್ ಚಿತ್ರ, ಕಳೆದುಹೋಗಿದೆ ಎಂದು ಎಲ್ಲರೂ ನಂಬಿದ್ದದ್ದು. ಅದು ಕಪಾಟಿನಲ್ಲೇ ಇತ್ತು, ಹೆಸರೂ ಪಟ್ಟಿಯಲ್ಲೇ ಇತ್ತು. ಕಳೆದುಹೋದವುಗಳ ಪಟ್ಟಿಯನ್ನೂ ಇರುವವುಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ, ಅಷ್ಟೇ. 2015ರ ಡಿಸೆಂಬರ್ 12ರಂದು ಲಂಡನ್ನಿನಲ್ಲಿ ಅದನ್ನು ತೆರೆಗೆ ಹಾಕಿದರು.

ಇನ್ನು ಜಪಾನಿನದು. ಆ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಿಸ್ನಿಯಲ್ಲಿ ಬಹುಕಾಲ ದುಡಿದ ಡೇವಿಡ್ ಬಾಸರ್ಟ್ 2017ರಲ್ಲಿ ಆಸ್ವಾಲ್ಡ್ ಚಿತ್ರಗಳ ಹುಡುಕಾಟದ ಬಗ್ಗೆ ಒಂದು ಪುಸ್ತಕ ಬರೆದರು. ಅಷ್ಟು ಹೊತ್ತಿಗೆ ಪತ್ತೆಯಿಲ್ಲದೆ ಉಳಿದಿದ್ದವು ಏಳು ಚಿತ್ರ. ಈ ಸುದ್ದಿ ಜಪಾನಿನ ಯಾಸುಶಿ ವಟನಾಬೆಯವರನ್ನು ತಲುಪಿತು. ಆಗ ಅವರಿಗೆ 84 ವರ್ಷ. ಜಪಾನಿನ ಆನಿಮೇಷನ್ ಚರಿತ್ರೆಯನ್ನು ಮೊದಲು ಬರೆದವರಲ್ಲಿ ಅವರೊಬ್ಬರು. ಹದಿಹರೆಯದಲ್ಲಿ ಅವರು ಒಸಾಕಾದ ಆಟಿಕೆ ಸಗಟು ಅಂಗಡಿಯಲ್ಲಿ ಐನೂರು ಯೆನ್ನಿಗೂ ಮೀರದ ಬೆಲೆಗೆ ಒಂದು 16 ಎಂಎಂ ರೀಲು ಕೊಂಡಿದ್ದರು. ಎಪ್ಪತ್ತು ವರ್ಷ ಅದು ಅವರ ಬಳಿಯೇ ಇತ್ತು. ಅದರ ಮೇಲಿನ ಹೆಸರು ‘ಮಿಕ್ಕಿ ಮಾಂಗಾ ಸ್ಪೀಡಿ’. ತೆಗೆದು ನೋಡಿದರೆ ಒಳಗೆ ಇಲಿಯಿಲ್ಲ, ಮೊಲ. ಕಾರಿನಲ್ಲಿ ಗೆಳತಿಯನ್ನು ಕೂರಿಸಿಕೊಂಡು ಓಡುತ್ತಿದೆ, ಹಿಂದೆ ಮೋಟಾರ್ ಸೈಕಲ್ ಮೇಲೆ ನಾಯಿ ಪೊಲೀಸು. ಅದು 1928ರ ‘ನೆಕ್ ಆಂಡ್ ನೆಕ್’, ಏಳರಲ್ಲಿ ಒಂದು! ಎರಡು ನಿಮಿಷದಷ್ಟು, ಚಿತ್ರದ ಸುಮಾರು ಅರ್ಧ ಭಾಗ. ಕೋಬೆ ನಗರದ ಪ್ಲಾನೆಟ್ ಫಿಲ್ಮ್ ಆರ್ಕೈವಿನಲ್ಲೂ ಅದೇ ಚಿತ್ರದ ಇನ್ನೊಂದು ಪ್ರತಿ ಇದ್ದದ್ದು ಗೊತ್ತಾಯಿತು. 2018ರ ನವೆಂಬರಿನಲ್ಲಿ ಈ ಸುದ್ದಿ ಜಗತ್ತಿಗೆಲ್ಲ ಹರಡಿತು.

ಮೊಲಕ್ಕೆ ಮಿಕ್ಕಿ ಎಂದು ಹೆಸರಿಟ್ಟವರು ಯಾಕೆ ಹಾಗೆ ಮಾಡಿದರೆಂದು ಕೇಳಬೇಕಿಲ್ಲ. ಮಿಕ್ಕಿ ಅಂದರೆ ಮಾರಾಟವಾಗುತ್ತದೆ. ಮನೆಬಳಕೆಯ ರೀಲು ಮಾರುವವರು ಅಮೆರಿಕದಲ್ಲೂ ಇದನ್ನೇ ಮಾಡುತ್ತಿದ್ದರು: ಆರು ನಿಮಿಷದ ಚಿತ್ರವನ್ನು ತುಂಡು ಮಾಡುವುದು, ಒಂದೊಂದು ತುಂಡಿಗೆ ಹೊಸ ಹೆಸರು ಕೊಡುವುದು. ನನ್ನ ಡಬ್ಬಿಯ ಮೇಲೆ ಕನ್ನಡದಲ್ಲಿ ‘ಮಿಕ್ಕಿ ಮೌಸ್ 1’ ಎಂದು ಬರೆದವರ ತಪ್ಪೇನಿಲ್ಲ. ಅವರಿಗೆ ಕಾರ್ಟೂನ್ ಅಂದರೆ ಮಿಕ್ಕಿ. ನಮ್ಮಜ್ಜಿಗೆ ವನಸ್ಪತಿಯೆಲ್ಲ ಡಾಲ್ಡಾ ಆಗಿದ್ದ ಹಾಗೆ.

ಸಂತೆಯಲ್ಲಿ ಸಿಗುವುದು ನಂಬಲಾಗದ ಮಾತೇನಲ್ಲ. 1917ರ ‘ನಮಾಕುರಾ ಗತಾನಾ’, ಕೊಉಚಿ ಜುನಿಚಿ ಮಾಡಿದ ನಾಲ್ಕು ನಿಮಿಷದ ಹಾಸ್ಯಚಿತ್ರ, ಜಪಾನಿನ ಅತಿ ಹಳೆಯ ಆನಿಮೇಷನ್ನುಗಳಲ್ಲೊಂದು. ಮೊಂಡು ಕತ್ತಿ ಕೊಂಡು ಪೇಚಿಗೆ ಸಿಕ್ಕುವ ಸಮುರಾಯಿಯ ಕಥೆ. ಅದು ಸಿಕ್ಕಿದ್ದು ಒಸಾಕಾದ ಹಳೇ ಸಾಮಾನಿನ ಸಂತೆಯಲ್ಲಿ. 2008ರಲ್ಲಿ ವಿಷಯ ಬಹಿರಂಗವಾಯಿತು. ಈಗ ಜಪಾನಿನ ರಾಷ್ಟ್ರೀಯ ಫಿಲ್ಮ್ ಸಂಗ್ರಹ ಅದನ್ನು ಸರಿಪಡಿಸಿ, ಅದರ ಜೊತೆಗಾರ ಚಿತ್ರಗಳೊಂದಿಗೆ, ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಒಸಾಕಾದ ಸಂತೆಯಲ್ಲಾದದ್ದು ಚಿಕ್ಕಪೇಟೆಯ ಸಂತೆಯಲ್ಲಿ ಯಾಕಾಗಬಾರದು?

ಆಗಲಿಲ್ಲ. ಉತ್ತರ ಮೊಲದ ಮೈಬಣ್ಣದಲ್ಲಿತ್ತು.

ಡಿಸ್ನಿಯ ಆಸ್ವಾಲ್ಡ್ ಕಪ್ಪು ಮೊಲ. ಮುಖ ಮಾತ್ರ ಬಿಳಿ, ಕಿವಿ ಮೈ ಎಲ್ಲ ಕಪ್ಪು. ಆಗಿನ ಕ್ಯಾಮೆರಾಕ್ಕೆ, ಆಗಿನ ಪ್ರಿಂಟಿಗೆ, ಬಿಳಿ ಹಿನ್ನೆಲೆಯಲ್ಲಿ ಕಪ್ಪು ಆಕಾರ ಎದ್ದು ಕಾಣುತ್ತಿತ್ತು. ಫೆಲಿಕ್ಸ್ ಬೆಕ್ಕು, ಮಿಕ್ಕಿ, ಎಲ್ಲರೂ ಕಪ್ಪಾಗಿದ್ದದ್ದು ಅದಕ್ಕೇ. 1929ರಲ್ಲಿ ಯೂನಿವರ್ಸಲ್ ಕಾರ್ಟೂನ್ ವಿಭಾಗವನ್ನು ವಾಲ್ಟರ್ ಲ್ಯಾಂಟ್ಸ್‌ಗೆ ಒಪ್ಪಿಸಿತು. ಮುಂದೆ ವುಡಿ ಎಂಬ ಮರಕುಟಿಗನನ್ನು ಕೊಟ್ಟವನು ಇವನೇ. 1935ರಲ್ಲಿ ಲ್ಯಾಂಟ್ಸ್‌ನ ಸ್ಟುಡಿಯೋದ ಮಾನ್ಯುಯೆಲ್ ಮೊರೆನೋ ಆಸ್ವಾಲ್ಡ್‌ನನ್ನು ಹೊಸದಾಗಿ ಬರೆದ. ಅಂದಿನಿಂದ ಮೊಲ ಬಿಳಿ.

ನನ್ನ ಫಿಲ್ಮಿನ ಮಾಸಿದ ಭಾಗ ದಾಟಿದ ಮೇಲೆ ನಲವತ್ತು ಚೌಕಟ್ಟುಗಳನ್ನು ಸ್ಕ್ಯಾನ್ ಮಾಡಿಸಿದ್ದೆ. ಅವುಗಳನ್ನು ದೊಡ್ಡದು ಮಾಡಿ, ‘ಟ್ರಾಲಿ ಟ್ರಬಲ್ಸ್’ನ ಚೌಕಟ್ಟುಗಳ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಮೊಲದ ಕಿವಿಯ ಒಳಭಾಗ ಬೂದು, ಹೊರಭಾಗ ಬಿಳಿ. ಎದೆ ಬಿಳಿ, ಕೈ ಬಿಳಿ. ಫಿಲ್ಮು ಮಾಸಿದ್ದರಿಂದ ಬಿಳುಪಾದದ್ದಲ್ಲ, ಯಾಕೆಂದರೆ ಅದೇ ಚೌಕಟ್ಟಿನಲ್ಲಿ ಬೂಟು ಕಪ್ಪಾಗಿಯೇ ಇದೆ. ಅಂಚಿನ ಎರಡು ಚೌಕವೂ 1940 ಇಲ್ಲವೇ 1960 ಎನ್ನುತ್ತಿತ್ತು. ಎರಡು ಸಾಕ್ಷಿಯೂ ಒಂದಕ್ಕೊಂದು ಹೊಂದಿಕೊಂಡಮೇಲೆ ವಾದ ಮುಗಿಯಿತು. ಇದು ಲ್ಯಾಂಟ್ಸ್‌ನ ಮೊಲ. ಡಿಸ್ನಿಯದಲ್ಲ, ಕಳೆದುಹೋದ ಏಳರಲ್ಲಿ ಯಾವುದೂ ಅಲ್ಲ.

ಅಂದು ಬೇಸರವಾಯಿತು, ನಿಜ. ಆದರೆ ಎರಡು ವರ್ಷದ ಹುಡುಕಾಟ ಒಂದು ವಿಷಯವನ್ನು ಬಿಡಿಸಿ ತೋರಿಸಿತ್ತು. ಇಂಗ್ಲೆಂಡ್, ನಾರ್ವೆ, ಲಂಡನ್, ಒಸಾಕಾ ಎಲ್ಲ ಕಡೆಯೂ ಚಿತ್ರ ಇದ್ದಲ್ಲೇ ಇತ್ತು. ಒಂದು ಕಡೆ ಪಟ್ಟಿ ಆಗಿರಲಿಲ್ಲ, ಇನ್ನೊಂದು ಕಡೆ ಪಟ್ಟಿಯನ್ನು ಓದಿದವರಿರಲಿಲ್ಲ, ಮತ್ತೊಂದು ಕಡೆ ಹೆಸರು ತಪ್ಪಾಗಿತ್ತು. ಹಳೆಯ ಚಿತ್ರ ಉಳಿಸುವ ಕೆಲಸ ಎಂದರೆ ಮೊದಲು ನೆನಪಾಗುವುದು ಕೋಟಿಗಟ್ಟಲೆ ಬೆಲೆಯ ಸ್ಕ್ಯಾನರು. ಅದಕ್ಕೂ ಮುಂಚೆ ಬೇಕಾದದ್ದು ಕುಳಿತು ಪಟ್ಟಿ ಬರೆಯುವ ಒಬ್ಬ ಗುಮಾಸ್ತ. ಇದನ್ನು ಅತಿಶಯಕ್ಕೆ ಹೇಳುತ್ತಿಲ್ಲ.

ಸಿಕ್ಕ ಮೇಲಿನ ಕೆಲಸವೂ ಸುಲಭವಲ್ಲ. ಆಸ್ವಾಲ್ಡ್‌ನ ಮೂಕಿ ಚಿತ್ರಗಳಲ್ಲಿ ಕೆಲವನ್ನು 1930ರ ದಶಕದ ಆರಂಭದಲ್ಲಿ ಸಂಗೀತ ಸೇರಿಸಿ ಮರುಬಿಡುಗಡೆ ಮಾಡಿದರು. ಧ್ವನಿಯ ಪಟ್ಟಿ ಕೂರಲು ಫಿಲ್ಮಿನ ಒಂದು ಅಂಚು ಬೇಕು. ಅದಕ್ಕಾಗಿ ಚಿತ್ರದ ಎಡಭಾಗ ಕತ್ತರಿಸಿಹೋಯಿತು. ಎಡಗಡೆಯಿಂದ ಬರುವ ಪಾತ್ರ ಅರ್ಧ ಮುಖದಲ್ಲಿ ನಿಲ್ಲುತ್ತದೆ. ಸರಿಪಡಿಸುವವರು ಪೂರ್ತಿ ಅಗಲದ ಇನ್ನೊಂದು ಪ್ರತಿ ಹುಡುಕಿ, ಚೌಕಟ್ಟಿಗೆ ಚೌಕಟ್ಟು ಹೊಂದಿಸಬೇಕು. ಗೀರು ಮುಚ್ಚಲು, ಫಿಲ್ಮನ್ನು ವಿಶೇಷ ದ್ರವದಲ್ಲಿ ತೋಯಿಸುತ್ತ ಅಚ್ಚು ಹಾಕುವ ಹಳೆಯ ಉಪಾಯವಿದೆ. ಕಂಪ್ಯೂಟರ್ ಬಂದಮೇಲೆ ದೂಳು ಅಳಿಸುವ ತಂತ್ರಾಂಶಗಳೂ ಬಂದವು. ಇಲ್ಲಿ ನನ್ನದೊಂದು ತಕರಾರು ಇದೆ. ಈ ತಂತ್ರಾಂಶಕ್ಕೆ ವೇಗವಾಗಿ ಓಡುವ ಪೆನ್ನಿನ ಗೆರೆಗೂ ಗೀರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಬಂದ ಎಷ್ಟೋ ಡಿವಿಡಿಗಳಲ್ಲಿ ಓಡುವ ಬೆಕ್ಕಿನ ಕಾಲಿನ ಗೆರೆ, ಬೀಸುವ ಕೈಯ ಗೆರೆ ಗೀರಿನ ಜೊತೆಗೇ ಅಳಿಸಿಹೋಗಿವೆ. ಚಿತ್ರಕಾರನ ಕೈಬರಹವನ್ನು ಅಳಿಸಿ ಚಿತ್ರವನ್ನು ಉಳಿಸಿದೆವೆಂದು ಹೇಳುವುದು ಸರಿಯಲ್ಲ. ಚಿತ್ರ ಬರೆಯುತ್ತಿದ್ದ ಪಾರದರ್ಶಕ ಹಾಳೆಯ ಮೇಲೆ ಅಂದು ಕುಳಿತ ದೂಳಿನ ಕಣ ಕ್ಯಾಮೆರಾ ಕೆಳಗೇ ಚಿತ್ರದೊಳಗೆ ಸೇರಿದ್ದು. ಅದೂ ಆ ಕೆಲಸದ ಗುರುತು. ಅದನ್ನು ಇರಗೊಡಬೇಕು.

ಇನ್ನು ಹೊಸ ನೋಡುಗರ ವಿಷಯ. ಅಮೆರಿಕದ ಕಾನೂನಿನಲ್ಲಿ 95 ವರ್ಷ ತುಂಬಿದ್ದರಿಂದ 1927ರ ಆಸ್ವಾಲ್ಡ್ ಚಿತ್ರಗಳು 2023ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಅದಕ್ಕೂ ತಿಂಗಳ ಮುಂಚೆ, 2022ರ ಡಿಸೆಂಬರಿನಲ್ಲಿ, ಡಿಸ್ನಿ ಸಂಸ್ಥೆ ಎರಿಕ್ ಗೋಲ್ಡ್‌ಬರ್ಗ್ ನಿರ್ದೇಶನದಲ್ಲಿ ಆಸ್ವಾಲ್ಡ್‌ನ ಹೊಸ ಕಿರುಚಿತ್ರವೊಂದನ್ನು ಕೈಯಲ್ಲೇ ಬರೆಯಿಸಿ ಬಿಡುಗಡೆ ಮಾಡಿತ್ತು. ನಾನು ಮಾಡಿದ್ದು ಬಹಳ ಸಣ್ಣದು. ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಮಕ್ಕಳನ್ನು ಮಹಡಿ ಮೇಲೆ ಸೇರಿಸಿ, ಬಿಳಿ ಪಂಚೆ ಕಟ್ಟಿ, ‘ಟ್ರಾಲಿ ಟ್ರಬಲ್ಸ್’ ಹಾಕಿದೆ. ಹಳೇದು, ಶಬ್ದವಿಲ್ಲದ್ದು, ಬಣ್ಣವಿಲ್ಲದ್ದು ಎಂದು ಎದ್ದುಹೋಗುತ್ತಾರೇನೋ ಎಂಬ ಅಳುಕಿತ್ತು. ಹಳಿಗೆ ಅಡ್ಡ ನಿಂತ ಹಸುವಿನ ಹೊಟ್ಟೆಯಡಿಗೇ ಟ್ರಾಲಿ ನುಗ್ಗಿದಾಗ ಒಬ್ಬ ಹುಡುಗ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಟ್ರಾಲಿ ಇಳಿಜಾರಿನಲ್ಲಿ ಹತೋಟಿ ತಪ್ಪಿದಾಗ ಆಸ್ವಾಲ್ಡ್ ತನ್ನ ಕಾಲನ್ನೇ ಕಳಚಿ ಉಜ್ಜಿಕೊಳ್ಳುತ್ತಾನೆ. ಮೊಲದ ಕಾಲು ಇಟ್ಟುಕೊಂಡರೆ ಅದೃಷ್ಟ ಎಂಬ ನಂಬಿಕೆ ಅಲ್ಲಿನದು.

“ಕಾಲು ಕಿತ್ಕೊಂಡ್ರೆ ನೋವಾಗಲ್ವಾ ಅಂಕಲ್?” ಎಂದು ಮೂರನೇ ಕ್ಲಾಸಿನ ಹುಡುಗಿ ಕೇಳಿದಳು.

“ಆಗಲ್ಲ, ಮತ್ತೆ ಹಾಕ್ಕೊಂಡ ನೋಡು,” ಎಂದು ಪಕ್ಕದವಳೇ ಉತ್ತರ ಕೊಟ್ಟಳು. ಎರಡನೇ ಸಲ ಹಾಕಿ ಎಂದರು. ಮೂರನೇ ಸಲವೂ ಹಾಕಿದೆ.

ಎಲ್ಲವನ್ನೂ ಹೀಗೆ ಮಕ್ಕಳ ಮುಂದೆ ಹಾಕಲಾಗುವುದಿಲ್ಲ. ಆ ಕಾಲದ ಅನೇಕ ಕಾರ್ಟೂನುಗಳಲ್ಲಿ ಕಪ್ಪು ಜನರನ್ನು, ಏಷ್ಯಾದವರನ್ನು ಅವಮಾನವಾಗುವಂತೆ ಬರೆದಿದ್ದಾರೆ. ವಾರ್ನರ್ ಕಂಪನಿಯ ಇಂಥ ಹನ್ನೊಂದು ಚಿತ್ರಗಳನ್ನು 1968ರಲ್ಲೇ ಟೀವಿಯಿಂದ ಹಿಂತೆಗೆದುಕೊಂಡರು. ನನ್ನ ಅಭಿಪ್ರಾಯ ಇಷ್ಟು: ಮಕ್ಕಳಿಗೆ ತೋರಿಸಬೇಡಿ, ದೊಡ್ಡವರಿಗೆ ಮುನ್ನುಡಿ ಹೇಳಿ ತೋರಿಸಿ, ಆದರೆ ಫಿಲ್ಮಿಗೆ ಕತ್ತರಿ ಹಾಕಬೇಡಿ. ತಪ್ಪು ನಡೆದದ್ದಕ್ಕೆ ಅದೇ ಸಾಕ್ಷಿ.

ನಮ್ಮ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ಮಾಡಿದ ‘ಆಗಕಾಡ್ಯಾಂಚಿ ಮೌಜ್’ ಇವತ್ತು ನೋಡಲು ಇಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೂ ಇಲ್ಲ. ಹಳೆಯ ರೀಲುಗಳನ್ನು ಬೆಳ್ಳಿ ತೆಗೆಯಲೆಂದು ಗುಜರಿಗೆ ಹಾಕಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಮೆರಿಕವೇ ತನ್ನ ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿಸಿಕೊಂಡದ್ದು ಶೇಕಡಾ 14 ಎಂದು 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಕಟಿಸಿದ ವರದಿ ಹೇಳುತ್ತದೆ. ಆದರೂ ಆಸ್ವಾಲ್ಡ್‌ನ ಜಾಡು ನೋಡಿದ ಮೇಲೆ ‘ಇಲ್ಲ’ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಪತ್ತೆಯಿಲ್ಲದ ಆಸ್ವಾಲ್ಡ್ ಚಿತ್ರಗಳಾದ ‘ದಿ ಬ್ಯಾಂಕರ್ಸ್ ಡಾಟರ್’, ‘ರಿಕೆಟಿ ಜಿನ್’, ‘ಹ್ಯಾರಮ್ ಸ್ಕ್ಯಾರಮ್’ ಇವೆಲ್ಲ ಯಾವುದೋ ದೇಶದಲ್ಲಿ, ಯಾವುದೋ ಅಟ್ಟದ ಮೇಲೆ, ಬೇರೆ ಯಾರದೋ ಹೆಸರಿನಲ್ಲಿ ಇದ್ದಾವು.

ನನ್ನ ಡಬ್ಬಿಯ ಹಳೆಯ ಚೀಟಿಯನ್ನು ಕಿತ್ತಿಲ್ಲ. ಅದರ ಕೆಳಗೆ ಇನ್ನೊಂದು ಅಂಟಿಸಿದ್ದೇನೆ: ‘ಆಸ್ವಾಲ್ಡ್ ಮೊಲ. ವಾಲ್ಟರ್ ಲ್ಯಾಂಟ್ಸ್ ಸ್ಟುಡಿಯೋ. 1935ರ ನಂತರದ್ದು. 16 ಎಂಎಂ, ಸೇಫ್ಟಿ. ತಲೆಭಾಗ ಇಲ್ಲ. ಹುಳಿವಾಸನೆ ಇದೆ.’

ನಿಮ್ಮ ಮನೆಯ ಅಟ್ಟದಲ್ಲಿ, ತಾತನ ಟ್ರಂಕಿನಲ್ಲಿ, ಮುಚ್ಚಿದ ಟಾಕೀಸಿನ ಗೋದಾಮಿನಲ್ಲಿ ಇಂಥದ್ದೊಂದು ಡಬ್ಬಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪ್ರೊಜೆಕ್ಟರಿಗೂ ಏರಿಸಬೇಡಿ, ಒಣಗಿದ ಫಿಲ್ಮು ಹರಿದುಹೋಗುತ್ತದೆ. ಬೆಂಕಿ, ಬಿಸಿಲಿನಿಂದ ದೂರವಿಡಿ. ಅಂಚಿನಲ್ಲಿ ಏನು ಬರೆದಿದೆ, ಮೇಲೆ ಏನು ಬರೆದಿದೆ, ಎಲ್ಲಿಂದ ಬಂತು ಎಂದು ಒಂದು ಹಾಳೆಯಲ್ಲಿ ಬರೆದು, ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. ಮತ್ತೆ, ಸಂಡೇ ಬಜಾರಿನಿಂದ ‘ಮಿಕ್ಕಿ ಮೌಸ್ 2’ ಎಂಬ ಚೀಟಿಯ ಡಬ್ಬಿ ಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಬೆಳಕಿಗೆ ಹಿಡಿದು ಕಿವಿ ನೋಡಿ.